ತೊಂಬತ್ತು ದಿನದೊಳಗ

ಸೋಮವಾರ ಹನ್ನೊಂದಕ್ಕ ಚಿಗರಿ ಬಸ್ಸಿಳಿದು ಬಂದ
ಹುಬ್ಬಳ್ಳಿ ಏಜೆನ್ಸಿಯ ಈರಪ್ಪ ಸವಡಿ.
ಬ್ಯಾಗಿನೊಳಗ ಒಂದು ಕ್ಯಾಲೆಂಡರು, ಎರಡು ಸುದ್ದಿ.
"ಹಾವನೂರ ಮೇಡಂ, ಹುಲ್ಲಿನ ತ್ರೈಮಾಸಿಕಾನ ಮಾರಿಬಿಟ್ಟಾರ್ರೀ.
ತಗೊಂಡಾಂವ ದೀಪಾವಳಿಯೊಳಗ ಮತ್ತೊಬ್ಬಗ ಮಾರ್ಯಾನ.
ಜನವರಿಯಿಂದ ಕಾಗದ ಬಂದ್.
ದರಾ ಮಾತ್ರ ಐತಿ."

ಪರದೆ ಮ್ಯಾಲೆ ಓದಬೇಕಂತ.
ರೊಕ್ಕಾ ಕಟ್ಟೂತನಕ ಎಲ್ಲಾ ಕಾಣತೈತಿ,
ಬಿಟ್ಟರ ಹಳೇದೂ ಹೋತು.
"ಅಂದರ ಮನಿ ಬಾಡಿಗಿ ಬಿಟ್ಟ ದಿವಸ
ಅಲ್ಲಿ ಉಂಡ ಊಟಾನೂ ತಿರುಗಿ ಕೊಡಬೇಕೇನಪಾ?"
ಸವಡಿ ಚಹಾದ ಕಪ್ಪಿನೊಳಗ ನಕ್ಕ:
"ನಮ್ಮ ಸಾಹೇಬರಿಗೆ ಕೇಳತೇನ್ರಿ."

ಇಪ್ಪತ್ತಾರು ವರ್ಷ ಈ ಮೇಜಿನ ಹಿಂದ ಕೂತು
ನಾ ಮಾಡಿದ್ದು ದಾರಿ ಕಾಯೂ ಕೆಲಸ.
ಪತ್ರಿಕೆಗೊಂದು ಕಾರ್ಡು, ಕಾರ್ಡಿನ ತುಂಬ ಸಣ್ಣ ಸಣ್ಣ ಮನಿ,
ಬಂದರ ಟಿಕ್ಕು,
ಬರದಿದ್ದರ ಪೆನ್ಸಿಲಿನ ಚುಕ್ಕಿ.
ಅಂಚೆ ಸೈಕಲ್ಲಿನ ಗಂಟಿಗೆ ನನ್ನ ಎದಿ ಹಾರಿದಷ್ಟು
ಮದುವಿಗೆ ಮೊದಲು ಇವರ ಕಾಗದಕ್ಕೂ ಹಾರಿದ್ದಿಲ್ಲ.

ಸಂಪುಟ ನಲವತ್ತೊಂದು, ಸಂಚಿಕೆ ಮೂರು:
ಚುಕ್ಕಿ ಚುಕ್ಕಿಯಾಗೇ ಉಳೀತು.
ಹಡಗಿನ ಟಪಾಲು ಧಾರವಾಡ ಮುಟ್ಟಲಿಕ್ಕೆ ನೂರಾಹತ್ತು ದಿನ,
ಬಂದಿಲ್ಲ ಅಂತ ಗೊತ್ತಾಗೋದರೊಳಗ
ಉತ್ತರ ಬಂತು, ಎರಡೇ ಸಾಲು:
'ತೊಂಬತ್ತು ದಿನಗಳ ಒಳಗೆ ಕೇಳಬೇಕಿತ್ತು.
ತಮ್ಮ ಕೋರಿಕೆಯನ್ನು ಪರಿಗಣಿಸಲಾಗದು.'

ಲೈನ್ ಬಜಾರದ ಬೈಂಡರ್ ಹಜರೇಸಾಬ
ಮೂರೂ ಸಂಚಿಕೆ ಕೈಯಾಗ ತೂಗಿ ನೋಡಿ ಇಟ್ಟ.
"ಹಲ್ಲು ಬಿದ್ದ ಬಾಯಿ ನಾ ಹೊಲಿಯೂದಿಲ್ರೀ ಬಾಯಾರ.
ಆ ಒಂದು ಸಿಗಲಿ. ದಾರ ಎಲ್ಲಿ ಹೋಗತೈತಿ?"
ಎರಡು ವರ್ಷ ಹಗ್ಗ ಕಟ್ಟಿ ಕಪಾಟಿನ ಮ್ಯಾಲೆ ಇಟ್ಟಿದ್ದೆ.

ಒಂದಿನ ಸಪ್ತಾಪುರದಿಂದ ನಡಕೋತ ಬಂದರು ಗಲಗಲಿ ಮಾಸ್ತರು,
ನಿವೃತ್ತಿಯಾಗಿ ಹತ್ತು ವರ್ಷದ ಮ್ಯಾಲೆ,
ಅದ ಛತ್ರಿ, ಕಂಕುಳಾಗ ಬನಿಯನ್ ಅರಬಿ ಸುತ್ತಿದ ಗಂಟು.
ಸ್ವಂತ ಚಂದಾದ ಪ್ರತಿ.
ಮುಖಪುಟದ ಮ್ಯಾಲೆ ಚಹಾದ ಬಳಿ,
ಇನ್ನೂರಾಹನ್ನೆರಡನೇ ಪುಟದ ಅಂಚಿಗೆ ಪೆನ್ಸಿಲಿನ ಕನ್ನಡ:
'ಸುಳ್ಳು. ಈ ಹುಲ್ಲು ನಮ್ಮ ಕೆಲಗೇರಿ ಕೆರಿ ದಂಡಿಗೂ ಅದ.
ನಾನೇ ನೋಡೇನಿ. ಚಪ್ಪಲಿ ಹಸಿ ಆಗಿತ್ತು.'
"ಅಳಸಲೇನ್ರಿ ಸರ್?" ಅಂದೆ.
"ಯಾಕ? ಖರೇ ಅದ," ಅಂದರು.
ಹಜರೇಸಾಬ ಹೊಲಿದ. ಕರೀ ರೆಕ್ಸಿನ್ನು, ಬೆನ್ನಿಗೆ ಬಂಗಾರದಕ್ಷರ.
ಮಾಸ್ತರು ನೋಡಲಿಕ್ಕೆ ಬರಲಿಲ್ಲ, ಆ ಚಳಿಗಾಲ ದಾಟಲಿಲ್ಲ.

ಸವಡಿಯ ಎರಡನೇ ಸುದ್ದಿ ಲಕೋಟಿಯೊಳಗಿತ್ತು.
ಮೂರನೇ ಧಣಿ ಬರೆದ ವಿನಂತಿ:
'ನಮ್ಮ ಸಂಗ್ರಹದಲ್ಲಿ ೪೧/೩ ಇರುವುದಿಲ್ಲ.
ಹಿಂದಿನ ಪ್ರಕಾಶಕರ ಉಗ್ರಾಣದಲ್ಲಿಯೂ ಇಲ್ಲ.
ತಮ್ಮಲ್ಲಿದ್ದರೆ ಸ್ಕ್ಯಾನ್ ಮಾಡಿ ಕಳಿಸಬಹುದೇ?'

ನಗು ಬರಲಿಲ್ಲ. ಬೆರಳು ತಾನ ಟೈಪ್ ಮಾಡಿದವು:
'ತೊಂಬತ್ತು ದಿನಗಳ ಒಳಗೆ ಕೇಳಬೇಕಿತ್ತು.'
ಎಂಥಾ ಸುಖ ಇತ್ತು ಆ ಪೂರ್ಣವಿರಾಮದಾಗ!
ಹಂಗ ಬಿಟ್ಟು ಡಬ್ಬಿ ಬಿಚ್ಚಿ
ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಉಂಡು,
ಕೈ ತೊಳಕೊಂಡು ಬಂದು ಅಳಿಸಿದೆ.
ಧಣಿಯ ಸಲುವಾಗಿ ಅಲ್ಲ.
ಯಾವುದೋ ಊರಾಗ ನನ್ನಂಥಾಕಿ ಒಬ್ಬಾಕಿ
ಕಾರ್ಡಿನ ಮ್ಯಾಲೆ ಪೆನ್ಸಿಲ್ ಹಿಡಿದು ಕೂತಿರಬೇಕು.

ಹೊಲಿಗಿ ಬಿಚ್ಚಲಿಕ್ಕೆ ಮನಸಾಗಲಿಲ್ಲ.
ಗಾಜಿನ ಮ್ಯಾಲೆ ಇಡೀ ಸಂಪುಟ ಬೋರಲು ಹಾಕಿ
ಅಂಗೈಲೆ ಒತ್ತಿ ಹಿಡಿದು ಒಂದೊಂದೇ ಪುಟ.
ಚಹಾದ ಬಳಿ ಬಂತು. ಕಾಲೇಜಿನ ನೇರಳೆ ಶಿಕ್ಕಾ ಬಂತು,
ಧಾರವಾಡ ಅನ್ನೂದರಾಗ 'ಡ' ಅರ್ಧಾ ಮಾಸಿತ್ತು.
ಇನ್ನೂರಾಹನ್ನೆರಡಕ್ಕ ಒಂದು ಗಳಿಗಿ ನಿಂತೆ.
ಅಂಚು ಕತ್ತರಿಸೂ ಗುಂಡಿ ಇತ್ತು, ಒತ್ತಲಿಲ್ಲ.

ಮಾರ್ಚಿನೊಳಗ ಬಿಲ್ಲು ಬರತೈತಿ,
ಅದ ಸಂಚಿಕೆ ನಮಗ ತೋರಸಲಿಕ್ಕೆ.
ಕಟ್ಟಿದವರು ಕಟ್ಟತಾರ. ಯಾವ ದೇಶದಾಗ ತೆರೆದರೂ
ಹುಲ್ಲಿನ ಪಕ್ಕ ಹಸಿ ಚಪ್ಪಲಿ ಇರತಾವ.
ಕನ್ನಡ ಬರದಾವರು ಇರಿವಿ ಸಾಲು ಅಂದುಕೊಳ್ಳಲಿ.

ಕಾರ್ಡು ಹೊರಗ ತಗದೆ. ನಲವತ್ತೊಂದು, ಮೂರು.
ಆ ಹಳೇ ಚುಕ್ಕಿ, ಅದರ ಮ್ಯಾಲೆ ಟಿಕ್ಕು, ಅದರ ಬಾಜೂಕ ಏನು ಬರೀಬೇಕೋ
ತಿಳೀದ, 'ಕಳಿಸಲಾಗಿದೆ' ಅಂತ ಬರದೆ.
ನಮ್ಮ ಕಾರ್ಡಿನಾಗ ಆ ಶಬ್ದಕ್ಕ ಮನೀನ ಇಲ್ಲ.