ಐದು ಮಣಿಗಳ ಸಾಲು

ಬೆಳಿಗ್ಗೆ ಐದೂವರೆಗೆ ಮುಷ್ಟಿ ಕಟ್ಟಲು ಬರುವುದಿಲ್ಲ.
ಶಾರ್ಜಾದ ಬೇಸಿಗೆಗೆ ನಲ್ಲಿಯ ನೀರು ತಾನೇ ಕಾದಿರುತ್ತದೆ,
ಅದರಡಿ ಎರಡೂ ಕೈ ಹಿಡಿದು ನಿಲ್ಲುತ್ತೇನೆ,
ಫ್ರಿಜ್ಜಿನ ಬೆಣ್ಣೆ ಮೆತ್ತಗಾಗಲೆಂದು ಕಾಯುವ ಹಾಗೆ.
ಮುಕ್ಕಾಲು ಗಂಟೆ. ಆಮೇಲೆ ಸೂಜಿ ಹಿಡಿಯಬಹುದು.

ರೋಲಾದ ಹಿಂದಿನ ಗಲ್ಲಿ, ಅಬಾಯಾ ಅಂಗಡಿ.
ತೋಳಂಚಿಗೆ ಮಣಿ ಕೂರಿಸುವುದು, ಹದಿನಾಲ್ಕು ವರ್ಷದಿಂದ.
ಕಪ್ಪು ಬಟ್ಟೆಗೆ ಕಪ್ಪು ಮಣಿ;
ಕಣ್ಣಿಗಿಂತ ಬೆರಳೇ ಹೆಚ್ಚು ನೋಡಬೇಕು.

ಡಾಕ್ಟರ್ ಹಾತಿಂ ಸುಡಾನಿನವರು.
ಅವರ ಹಿಂದಿ, ನನ್ನ ಹಿಂದಿ, ಎರಡೂ ಇಲ್ಲಿ ಕಲಿತದ್ದು.
ಗೆಣ್ಣು ಒಂದೊಂದೇ ಒತ್ತಿ ಕೇಳಿದರು:
ಮನೆಯಲ್ಲಿ ಯಾರಿಗಿತ್ತು?

ಅಮ್ಮನಿಗೆ.
ಮಡಿಲಲ್ಲಿ ಮೊರವಿಟ್ಟು ದಿನಕ್ಕೆ ಸಾವಿರ ಬೀಡಿ ಕಟ್ಟಿದವಳು
ಕೊನೆಗೆ ಕತ್ತರಿಯ ಕಣ್ಣಿನೊಳಗೆ ಹೆಬ್ಬೆರಳು ಹೋಗದೆ
ಬೀಡಿ ಪುಸ್ತಕವನ್ನು ನಮ್ಮ ಹೆಸರಿಗೆ ಮಾಡಿಸಿದಳು.
ವಾಯು ಎಂದೆವು. ಬದನೆಕಾಯಿ ಬಿಡಿಸಿದೆವು.

ಡಾಕ್ಟರು ಚೀಟಿಯ ಬೆನ್ನಿಗೆ ಗೀಟು ಎಳೆದರು.
ಆರನೇ ಕ್ರೋಮೋಸೋಮು, ಅದರಲ್ಲೊಂದು ಜೀನು,
ಅದು ಕಟ್ಟುವ ಪ್ರೋಟೀನಿನ ಒಂದು ಮಗ್ಗುಲಲ್ಲಿ
ಐದೇ ಐದು ಮಣಿ, ಸಾಲಾಗಿ.
ನಿಮ್ಮ ಕೆಲಸದ ಹಾಗೆಯೇ, ಎಂದು ನಕ್ಕರು.
ಆ ಐದು ಒಂದು ಥರ ಕೂತಿದ್ದರೆ
ಮನೆ ಕಾಯುವವನಿಗೆ ಮನೆಯವರದೇ ಗುರುತು ತಪ್ಪಬಹುದು.
ತಪ್ಪಬಹುದು; ತಪ್ಪಲೇಬೇಕೆಂದಿಲ್ಲ.
ಹೊಗೆ ಸೇರಿದರೆ ಭಯ ಜಾಸ್ತಿ.

ಹಾಗಾದರೆ ವನಜಾಕ್ಷಿ?
ನನಗಿಂತ ಹನ್ನೊಂದು ನಿಮಿಷ ಚಿಕ್ಕವಳು.
ಅದೇ ಮುಖ, ಅದೇ ಮಣಿ, ಅದೇ ಮೊರದ ತಂಬಾಕಿನ ಧೂಳು.
ಶುಕ್ರವಾರ ಬೋಟಿಮ್‌ನಲ್ಲಿ ಮಾತಾಡುತ್ತಲೇ
ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುವಿ ತೆಗೆಯುತ್ತಾಳೆ.

ಒಂದೇ ಅಚ್ಚಿನ ಅವಳಿ ನೂರು ಜೋಡಿಯಿದ್ದರೆ
ಇಬ್ಬರಿಗೂ ಬರುವುದು ಹದಿನೈದಕ್ಕೋ ಏನೋ, ಎಂದರು.
ಉಳಿದದ್ದು ನಮಗೂ ಗೊತ್ತಿಲ್ಲ.
ಗೊತ್ತಿಲ್ಲ ಎಂದ ಮೊದಲ ಡಾಕ್ಟರು. ಅದಕ್ಕೇ ನಂಬಿದೆ.

ಮುಷ್ಟಿ ಕಟ್ಟಿ ತೋರಿಸೇ, ಅಂದೆ ತಂಗಿಗೆ.
ಕಟ್ಟಿದಳು. ಯಾರಿಗೆ ಗುದ್ದಬೇಕು, ಅಂದಳು.
ಸಮಾಧಾನವಾಯಿತು.
ಹೊಟ್ಟೆಯುರಿಯೂ ಆಯಿತು, ಸುಳ್ಳು ಯಾಕೆ.

ನಿಶ್ಮಿತಾಗೆ ಹನ್ನೆರಡು. ಅವಳ ರಕ್ತ ನೋಡುತ್ತೀರಾ ಎಂದರೆ
ಬೇಡ ಎಂದರು. ಮಣಿಯಿದ್ದೂ ಬಾರದವರೇ ಹೆಚ್ಚು.
ಮನೆಯೊಳಗೆ ಸಿಗರೇಟು ಬೇಡ, ಅಷ್ಟೆ.
ಗಂಡನನ್ನು ನಾಲ್ಕು ಮಹಡಿ ಇಳಿಸಿದ್ದೇನೆ,
ನಲವತ್ತೇಳು ಡಿಗ್ರಿಯಲ್ಲಿ ನಿಂತು ಸೇದಲಿ.
ಶಾಲೆಯ ಬಸ್ಸಿನಿಂದ ಮಗಳು ಕೈಬೀಸುವಾಗ
ಮುಖ ನೋಡುವುದಿಲ್ಲ ನಾನು, ಗೆಣ್ಣು ನೋಡುತ್ತೇನೆ.

ಇವತ್ತು ಅಜ್ಮಾನಿನ ಗಿರಾಕಿಯ ತೋಳಿಗೆ
ಐದೈದರ ಸಾಲು ಎಂದಿತ್ತು ಚೀಟಿಯಲ್ಲಿ.
ಒಂದು ಸಾಲಿಗೆ ನಾಲ್ಕೇ ಹಾಕಿ ಗಂಟು ಬಿಗಿದೆ.
ಯಜಮಾನ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ.
ಎಣಿಸಲಿಲ್ಲ.