ಅರ್ಧ ಕಿಲೋ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನ ಕಾಟಾ ಕೋಣೆಗೆ
ಒಂದೇ ಕಿಟಕಿ.
ಆಚೆ ಸಾಲುಗಟ್ಟಿದ ಲಾರಿ,
ಈಚೆ ತೊಂಬತ್ತೆಂಟರ ಕಂಪ್ಯೂಟರು.
ಮೊದಲು ಬಿಳಿಯಿತ್ತಂತೆ.
ಈಗ ಪಾರ್ಚ್‌ಮೆಂಟ್ ಕಾಫಿಯ ಬಣ್ಣ.
ಕೈಲ್‌ಪೊಳ್ದಿನಂದು ಫ್ಲಾಪಿಯ ಬಾಯಿಗೆ
ಯಾರೋ ಸಿಕ್ಕಿಸಿದ ತೋಕ್‌ಪೂ
ಒಣಗಿ ಅಲ್ಲೇ ಇದೆ,
ಕೋವಿಗೆ ಸಲ್ಲುವ ಮರ್ಯಾದೆ ಇದಕ್ಕೂ.

"ತೆಗೀಬೇಡಿ" ಎಂದರು ಪಳಂಗಪ್ಪ.
ಹೂವನ್ನೋ ಯಂತ್ರವನ್ನೋ, ಹೇಳಲಿಲ್ಲ.

ನಾವು ಬಂದದ್ದೇ ತೆಗೆಯಲು,
ನಾನು, ಮತ್ತು ನೆಲ್ಲಿಹುದಿಕೇರಿಯ ಸಫೂರಾ.
ಅವಳ ವಾದ ಚುಟುಕು:
ಬಿಡಿಭಾಗ ಸಿಗುವುದಿಲ್ಲ,
ಹಳೆ ವಿಂಡೋಸಿನ ಬಾಗಿಲಿಗೆ ಚಿಲಕವಿಲ್ಲ,
ಹಾರ್ಡ್ ಡಿಸ್ಕ್ ಕೆಮ್ಮುತ್ತಿದೆ, ಕೇಳು.
ಕೇಳಿದೆ. ಕೆಮ್ಮುತ್ತಿತ್ತು.
ನನ್ನದು ಇನ್ನೂ ಚುಟುಕು:
ನಡೀತಿದೆಯಲ್ಲ.

ನಡೆಯುತ್ತಿದ್ದದ್ದು ಪೊನ್ನಂಪೇಟೆಯ ಜೋಯಪ್ಪ
ಎಂದೋ ಬರೆದಿಟ್ಟ ಪ್ರೋಗ್ರಾಂ.
ಹೊಸ ಸಿಸ್ಟಮ್ ಅದರ ಮುಖ ನೋಡುವುದಿಲ್ಲ.
ಕಾಟಾದ ಕೇಬಲ್ಲಿನ ತುದಿಗೆ ಒಂಬತ್ತು ತೂತು,
ಹೊಸ ಪೆಟ್ಟಿಗೆಯ ಬೆನ್ನ ಮೇಲೆ
ಅವಕ್ಕೆ ಒಂಬತ್ತು ಸೂಜಿಯಿಲ್ಲ.
ನಾನೊಂದು ಉಪಾಯ ಹೇಳಿದೆ:
ಹೊಸ ಯಂತ್ರದ ಹೊಟ್ಟೆಯೊಳಗೆ ಒಂದು ಸುಳ್ಳು ಹಳೇ ಯಂತ್ರ,
ಅದರೊಳಗೆ ಜೋಯಪ್ಪನ ಪ್ರೋಗ್ರಾಂ,
ಹೊರಗೆ ಯಾವ ಇಸವಿ ನಡೆದಿದೆಯೆಂದು
ಗೊತ್ತೇ ಆಗದ ಹಾಗೆ, ಬೆಚ್ಚಗೆ.

"ಎಷ್ಟು ವರ್ಷ ಅದಕ್ಕೆ ಸುಳ್ಳು ಹೇಳೋದು?"
ಎಂದಳು ಸಫೂರಾ. ಹೊಸದಾಗಿ ಬರೆದಳು.

ಹನ್ನೊಂದು ದಿನ ಎರಡನ್ನೂ ಜೋಡಿ ಎತ್ತಿನಂತೆ ಓಡಿಸಿದೆವು.
ಸುಂಟಿಕೊಪ್ಪದ ಎಸ್ಟೇಟಿನ ಇನ್ನೂರು ಚೀಲ,
ಎರಡರಲ್ಲೂ ಒಂದೇ ಲೆಕ್ಕ.
ಶನಿವಾರಸಂತೆಯ ಲಾರಿ, ಒಂದೇ.
ಆಮೇಲೆ ನಂಜರಾಯಪಟ್ಟಣದಿಂದ
ಆಪೆ ಗಾಡಿಯಲ್ಲಿ ಮೂರೇ ಚೀಲ ಚೆರಿ ತಂದಳು ಕಮಲಾಕ್ಷಿ.
ಹಳೆಯದು ಹೇಳಿತು: ನೂರ ಐವತ್ತೊಂದೂವರೆ.
ಹೊಸದು: ನೂರ ಐವತ್ತು.

ಹುಡುಕಿದೆವು. ನಾನೂರ ಹನ್ನೆರಡನೇ ಸಾಲು.
ಹತ್ತು ಚೀಲಕ್ಕಿಂತ ಕಡಿಮೆಯಿದ್ದರೆ
ಚೀಲಕ್ಕೆ ಅರ್ಧ ಕಿಲೋ ಕೂಡು.
ಯಾಕೆ ಎಂದು ಬರೆದಿಲ್ಲ.

ಫೋನಿನಲ್ಲಿ ಜೋಯಪ್ಪ ನಕ್ಕರು.
"ಹೋ, ಅದಾ! ಆಗ ಚಿಕ್ಕ ಕಾಟಾ ಅಷ್ಟು ಕಮ್ಮಿ ತೋರಿಸ್ತಿತ್ತು.
ರಿಪೇರಿ ಆಗುವವರೆಗೆ ಅಂತ ಹಾಕಿದ್ದೆ.
ಆಯ್ತಾ ರಿಪೇರಿ?"

ಕಾಟಾ ಬದಲಾಗಿ ಇಪ್ಪತ್ತು ವರ್ಷ.
ಅಂದಿನಿಂದ, ಸೀಸನ್ನಿಗೆ ಸೀಸನ್ನು,
ಯಾವ ಗಿಡವೂ ಬಿಡದ ಕಾಫಿ
ಅರ್ಧರ್ಧ ಕಿಲೋ ಗೋದಾಮಿಗೆ ಬಂದಿದೆ.
ಆಡಿಟ್ಟಿನವರು ಪ್ರತಿ ಸಲ
'ಒಣಗಿದ ನಷ್ಟ' ಎಂದು ಬರೆದು
ಚಾ ಕುಡಿದು ಹೋಗಿದ್ದಾರೆ.

ಹೊಂದಾಣಿಕೆ ಅಂತ ನಾವು ದಿನಾ ಹೇಳುವ ಮಾತು.
ಹಳೆಯದು ಕೊಟ್ಟ ಉತ್ತರವನ್ನೇ ಹೊಸದೂ ಕೊಡಬೇಕು, ಅಷ್ಟೆ.
ಸರಿಯುತ್ತರ ಎಂದು ಎಲ್ಲೂ ಹೇಳಿಲ್ಲ.

ವಿಚಿತ್ರ ನೋಡಿ:
ಹಳತೇ ಇರಲಿ ಎಂದಿದ್ದ ನಾನು ಅಂದೆ, ಅಳಿಸಿಬಿಡು.
ಹೊಸತು ಬೇಕೆಂದಿದ್ದವಳು
ಕರ್ಸರನ್ನು ಆ ಸಾಲಿನ ಮುಂದೆ ಮಿಣುಕಲು ಬಿಟ್ಟು
ಸುಮ್ಮನೆ ಕೂತಳು.

"ನನಗೆ ಹೇಳಬೇಡಿ ಮಾರಾಯ್ರೇ," ಪಳಂಗಪ್ಪ ಎದ್ದರು,
"ಹೇಳಿದ್ರೆ ನಾನು ಮೇಲಿನವರಿಗೆ ಹೇಳಬೇಕಾಗ್ತದೆ."
ಲಾರಿ ನೋಡಿ ಬರುತ್ತೇನೆಂದು ಹೊರಟರು.
ಹೊರಗೆ ಆಗ ಯಾವ ಲಾರಿಯೂ ಇರಲಿಲ್ಲ.

"ಚೀಟಿ ಆಯ್ತಾ? ಆಪೆಯವನು ಬೈತಾನೆ,"
ಕಿಟಕಿಯಲ್ಲಿ ಕಮಲಾಕ್ಷಿಯ ಮುಖ.
ಪ್ರಿಂಟರು ಇನ್ನೂ ಹಳೆಯದರ ಕೈಯಲ್ಲೇ ಇತ್ತು.
ಕರಕರ ಹಲ್ಲು ಮಸೆದು ಕೊಟ್ಟಿತು,
ನೂರ ಐವತ್ತೊಂದೂವರೆ.
ಓದದೆ ಮಡಚಿ ಪರ್ಸಿಗಿಟ್ಟು ಹೋದಳು.

"ಸೋಮವಾರದಿಂದ ಹೊಸದು" ಎಂದಳು ಸಫೂರಾ,
ಯಾರಿಗೆ ಹೇಳಿದಳೋ.
ಆ ಜಾಗದಲ್ಲಿ ಒಂದು ಟಿಪ್ಪಣಿ ಬರೆದಳು, ಕನ್ನಡದಲ್ಲೇ:
ಇಲ್ಲಿ ಕೈ ಹಾಕುವವರು
ಮೊದಲು ಕಿಟಕಿಯ ಹತ್ತಿರ ಹೋಗಿ ನಿಲ್ಲಿ.

ಅದರ ಕೆಳಗಿನ ಸಾಲನ್ನು ನಾನು ನೋಡಲಿಲ್ಲ.
ಬಗ್ಗಿ ಕೇಬಲ್ ಬಿಚ್ಚುತ್ತಿದ್ದೆ,
ತೋಕ್‌ಪೂ ಉದುರದ ಹಾಗೆ.