ತೆರದ ಲೆಕ್ಕ

ಬ್ರೂಕ್ಸ್ ಊರಿನ ಲೈಬ್ರರಿ ಎಂಟಕ್ಕೆ ಮುಚ್ಚುತ್ತದೆ.
ಈಗ ಏಳೂ ಹತ್ತು.
ಕೈ ಮೂರು ಸಲ ತೊಳೆದಿದ್ದೇನೆ. ಆದರೂ
ಕೊಬ್ಬಿನ ವಾಸನೆ ಕೀಬೋರ್ಡಿಗೆ ಹತ್ತೀತೆಂದು
ಉಗುರಿನ ತುದಿಯಲ್ಲೇ ಒತ್ತುತ್ತಿದ್ದೇನೆ.

ಮೊದಲ ಸಾಲು: ಕರೆಸಿಕೊಳ್ಳುವವನ ಶುಲ್ಕ, ಎಂಬತ್ತೈದು ಡಾಲರ್.
ಅಂದರೆ ನಾನು. ನಾನು ಮಬಿಯೊರ್,
ಅಪ್ಪನ ಮೆಚ್ಚಿನ ಬಿಳಿ ಹೋರಿಯ ಹೆಸರು ಹೊತ್ತವನು,
ಹಗಲೆಲ್ಲ ಕೊಕ್ಕೆಗೆ ತೂಗಿ ತೇಲಿ ಬರುವ ದನಗಳ
ಎಡ ಭುಜವನ್ನಷ್ಟೇ ಬಿಡಿಸುವವನು.
ಬಲ ಭುಜ ರೊಡೆಲ್‌ನದು.
ಆರು ವರ್ಷವಾಯಿತು, ಇಡೀ ದನವೊಂದನ್ನು ನಾನು ಕಂಡಿಲ್ಲ.

ಎರಡನೆಯದು: ಅವಳ ಅರ್ಜಿ ನೋಡುವುದಕ್ಕೆ ಐನೂರ ನಲವತ್ತೈದು.
ಆಮೇಲೆ ಇಲ್ಲಿ ಉಳಿಯುವ ಹಕ್ಕಿಗೆ ಐನೂರ ಎಪ್ಪತ್ತೈದು.
ನೋಡುವುದಕ್ಕೊಂದು ಬೆಲೆ, ಉಳಿಯುವುದಕ್ಕೊಂದು.
ಒಲ್ಲೆವೆಂದರೆ ಉಳಿಯುವ ದುಡ್ಡು ವಾಪಸು,
ನೋಡಿದ ದುಡ್ಡು ನೋಡಿದ್ದಕ್ಕೇ ಹೋಯಿತು.
ಬೆರಳಚ್ಚಿಗೆ ಮತ್ತೆ ಎಂಬತ್ತೈದು,
ಬೆರಳಿಗೆ ಎಂಟೂವರೆಯಂತೆ.
ನನ್ನ ಎಡಗೈ ಕಿರುಬೆರಳ ತುದಿಯನ್ನು
ಯಂತ್ರ ಬಿಟ್ಟಿಯಾಗಿ ಒಯ್ದಿತ್ತು.

ಅಲುವೆಲ್ ಮನೆಯವರೊಂದಿಗೆ ಮಾತು ನಾಲ್ಕು ದಿನ ನಡೆದಿತ್ತು,
ಬೋರ್ ಪಟ್ಟಣದಾಚೆ, ಹುಣಸೆ ಮರದಡಿ.
ನಾನಿರಲಿಲ್ಲ. ನನ್ನ ಸಂಬಳವಿತ್ತು, ಚಿಕ್ಕಪ್ಪ ಅಕೋಲ್ ಇದ್ದ.
ನನಗೆ ಕೇಳಲೆಂದು ಫೋನನ್ನು ಚಾಪೆಯ ಮೇಲೆ
ಮಗುವಿನಂತೆ ಮಲಗಿಸಿದ್ದ.
ಕುಂಟು ಹಸುವೊಂದನ್ನು ಅವರು ತಿರುಗಿಸಿದರು. ಕೂಗಾಟ.
ಯಾರೋ ನಕ್ಕರು. ಬದಲಿಗೆ ಇನ್ನೊಂದು ಬಂತು.
ಮೂವತ್ತೊಂದಕ್ಕೆ ಇತ್ಯರ್ಥ.
ಯಾವ ಹಸು ಯಾವ ಸೋದರಮಾವನಿಗೆ, ಯಾವ ಕರು ಯಾವ ಅತ್ತೆಗೆ,
ಇವತ್ತಿಗೂ ಚಿಕ್ಕಪ್ಪ ಬಣ್ಣ ಹಿಡಿದು ಹೇಳಬಲ್ಲ.

ನಿನ್ನೆ ಅವನೇ ಕೇಳಿದ:
“ಹೆಣ್ಣಿನ ಮನೆಗೆ ತೆತ್ತದ್ದು ತೆರ. ಸರಿ.
ದೇಶಕ್ಕೆ ತೆರುತ್ತೀಯಲ್ಲ, ಅದು ಯಾರ ಕೊಟ್ಟಿಗೆಗೆ ಹೋಗುತ್ತದೆ?
ಅವರ ಜೊತೆ ಕೂತು ಉಂಡೆಯಾ?
ಚೌಕಾಸಿಗೆ ಯಾರು ಬರುತ್ತಾರೆ?”
ಯಾರೂ ಬರುವುದಿಲ್ಲ ಚಿಕ್ಕಪ್ಪ.
ಪರದೆಯ ಮೇಲೊಂದು ಗುಂಡಿ ಇರುತ್ತದೆ.
ಒತ್ತಬೇಕು.

ಮದುವೆ ನಿಜವೆನ್ನುವುದಕ್ಕೆ ಪುರಾವೆ ಕೇಳಿದ್ದಾರೆ.
ರಜೆ ಸಿಕ್ಕಿದ್ದು ಹತ್ತೊಂಬತ್ತು ದಿನ, ಫೋಟೊ ಹನ್ನೊಂದು,
ಒಂಬತ್ತರಲ್ಲಿ ಅವಳ ಕಣ್ಣು ಮುಚ್ಚಿದೆ.
ಫೋನಿನ ಬಿಲ್ಲು ಹಾಕಿದೆ, ಹಣ ಕಳಿಸಿದ ಚೀಟಿಗಳನ್ನು ಹಾಕಿದೆ.
ಮೂವತ್ತೊಂದು ಜೊತೆ ಕೊಂಬು ಹಾಕಲು ಜಾಗ ಕಾಣಲಿಲ್ಲ.
ಮೂರು ವರ್ಷ ಅವಳ ಅನ್ನಕ್ಕೆ ನಾನೇ ಹೊಣೆಯೆಂದು ರುಜು ಬೇಕಂತೆ.
ಮೂರೇ?
ಚಾಪೆಯ ಮೇಲೆ ಯಾರೂ ವರ್ಷ ಎಣಿಸಿರಲಿಲ್ಲ.

ಒಟ್ಟು ಸಾವಿರದ ಇನ್ನೂರ ತೊಂಬತ್ತು.
ನನ್ನ ಕಾರ್ಡು ಒಲ್ಲೆನೆಂದಿತು, ಅದರ ಮಿತಿ ಸಾವಿರ.
ಹೊರಗೆ ಕಾರಿನಲ್ಲಿ ಹೀಟರ್ ಹಾಕಿ ಕೂತಿದ್ದ ರೊಡೆಲ್
ಒಳಬಂದ, ಬೂಟಿನ ಹಿಮ ಕೊಡವಿದ,
ತನ್ನ ಕಾರ್ಡಿನ ಹದಿನಾರು ಅಂಕಿಗಳನ್ನು ಬಾಯಿಪಾಠ ಹೇಳಿದ.
ಹಿಂದೊಮ್ಮೆ ಅವನೂ ತೆತ್ತು ಬಾಗಿಲು ತೆರೆಸಿದವನು.
“ತಿಂಗಳಿಗೆ ನೂರು ಕೊಡು ಸಾಕು” ಎಂದು ಮತ್ತೆ ಕಾರಿಗೆ ಹೋದ.

ಅಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ.
ಅಲುವೆಲ್ ನಿದ್ದೆಗಣ್ಣಲ್ಲೇ ಲೆಕ್ಕ ಹಾಕಿ ನಕ್ಕಳು:
“ಮೂರು ದನ, ಬಹಳವೆಂದರೆ!
ಇಷ್ಟಕ್ಕೆಲ್ಲ ನಮ್ಮಪ್ಪ ಮಾತಿಗೇ ಕೂರುತ್ತಿರಲಿಲ್ಲ.”
ಆಮೇಲೆ ಸುಮ್ಮನಾದಳು.
ಬಾವಿಯಲ್ಲಿ ಬಿದ್ದ ಮೇಲೆ ಅವಳ ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲ.
“ವೈದ್ಯರೂ ನೋಡುತ್ತಾರಂತಲ್ಲ.
ಅಲ್ಲಿಯೂ ಕುಂಟನ್ನು ತಿರುಗಿಸುತ್ತಾರಾ?”

ಇಲ್ಲ ಅಂದೆ.
ಗೊತ್ತಿದ್ದು ಹೇಳಿದ್ದಲ್ಲ.

ರಶೀದಿ ಎರಡು ಪುಟ. ಪುಟಕ್ಕೆ ಇಪ್ಪತ್ತು ಸೆಂಟು,
ಪ್ರಿಂಟರಿನ ಪಕ್ಕ ಡಬ್ಬಿಯಲ್ಲಿ ಹಾಕಬೇಕು.
ಈ ನಲವತ್ತನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ.
ಜೇಬಿನಲ್ಲಿ ನಾಣ್ಯವಿತ್ತು.